ಆರು ಮಹಾಂತವ್ವಗಳ ಮಳಿಗಾಲ

ಹೋದ ತಿಂಗಳು ಮಗಳ ಒಂದು ದಾಖಲೆ ತಿದ್ದಿಸುವ ಸಲುವಾಗಿ ಹುನಗುಂದಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಎದುರಿನ ಕಂಪ್ಯೂಟರ್ ಅಂಗಡಿಯವನು ಪರದೆಯನ್ನು ನನ್ನ ಕಡೆ ತಿರುಗಿಸಿ, "ಹೆಸರು ಬರೋಬರಿ ಐತೇನ್ ನೋಡ್ರಿ" ಅಂದ. ಹೆಸರು ಬರೋಬರಿ ಇತ್ತು. ನನ್ನ ಕಣ್ಣು ಹೋದದ್ದು ಹೆಸರಿನ ಬಾಜೂಕ. ಫೋಟೋ ಇರಬೇಕಾದ ಚೌಕ ಖಾಲಿ. ನಡುವೆ ಮೂಲಿ ಮಡಚಿದ ಕಾಗದದಂಥ ಒಂದು ಸಣ್ಣ ಗುರುತು.

"ಅದಕ್ಕ ತಲಿ ಕೆಡಿಸ್ಕೋಬ್ಯಾಡ್ರಿ, ಆಮ್ಯಾಲ ಬರ್ತೈತಿ" ಅಂದ.

ಹೊರಗೆ ಜಿಟಿಜಿಟಿ ಮಳಿ ಹತ್ತಿತ್ತು. ನನಗೆ ಅಲ್ಲಿ ಕುಂಡ್ರಲಿಕ್ಕೆ ಆಗಲಿಲ್ಲ. ಹೊರಗೆ ಬಂದೆ, ಮತ್ತೆ ಒಳಗೆ ಹೋದೆ, ಮತ್ತೆ ಹೊರಗೆ ಬಂದೆ.

"ಇರಿವಿ ಕಡದಂಗ ಯಾಕ ಮಾಡ್ತೀರಿ ಕಾಕಾ, ಕುಂಡ್ರಿ" ಅಂತ ನಕ್ಕ ಅವನು. ಅವನಿಗೇನು ಗೊತ್ತು. ಆ ಸಣ್ಣ ಗುರುತು ಕೆಲವು ವರ್ಷದ ಹಿಂದೆ ನನ್ನನ್ನು ಒಂದು ಇಡೀ ಶ್ರಾವಣ ಕುಂಡ್ರಗೊಟ್ಟಿರಲಿಲ್ಲ.

ನಾನು ಈರಣ್ಣ. ಇಳಕಲ್ಲಿನಲ್ಲಿ ಫೋಟೋ ಸ್ಟುಡಿಯೋ ಇಟ್ಟವನು. ಏಳನೇತ್ತೆಗೆ ಸಾಲಿ ಬಿಟ್ಟು ಅಪ್ಪನ ಕುಣಿಮಗ್ಗಕ್ಕೆ ಇಳಿದೆ. ಕುಣಿಮಗ್ಗ ಅಂದರೆ ಮನಿಯ ನೆಲದಲ್ಲೇ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಹನ್ನೊಂದು ವರ್ಷ ಸೀರಿ ನೇಯ್ದೆ. ಆಮೇಲೆ ಕ್ಯಾಮೆರಾ ಹಿಡಿದೆ, ಅದರ ಬೆನ್ನಿಗೆ ಕಂಪ್ಯೂಟರ್. ಯಾರೂ ಕಲಿಸಲಿಲ್ಲ. ಇಂಗ್ಲಿಷಿನ ಅಕ್ಷರ ಒಂದೊಂದೇ ಕೂಡಿಸಿ ಓದಿ, ತಪ್ಪು ಒತ್ತಿ, ಒತ್ತಿದ್ದು ತಿದ್ದಿ ಕಲಿತೆ. ಡಿಗ್ರಿ ಮಾಡಿದವರು ಅಂಗಡಿಗೆ ಬಂದು "ಈರಣ್ಣಾ, ಇದೊಂದು ಮಾಡಿಕೊಡೋ" ಅಂದಾಗ ನನ್ನ ಎದಿ ಒಂದು ಗೇಣು ಮೇಲೆ ಏರುತ್ತಿತ್ತು. ಇದನ್ನು ಮುಚ್ಚಿಡುವುದಿಲ್ಲ. ಮುಂದೆ ಆದದ್ದೆಲ್ಲ ಆ ಗೇಣಿನಿಂದಲೇ.

ಆ ವರ್ಷ ನಮ್ಮ ಓಣಿಗಳ ನೇಕಾರರ ಸಂಘಕ್ಕೆ ಒಂದು ಹೊಸ ಪಟ್ಟಿ ಬೇಕಾಗಿತ್ತು. ಹಳೇ ಪಟ್ಟಿಯಲ್ಲಿ ಅರ್ಧ ಮಂದಿ ತೀರಿಹೋದವರೇ. ಮಗ್ಗದ ಮೇಲೆ ಕೂತವರು ಒಬ್ಬರು, ಹೆಸರು ಇನ್ನೊಬ್ಬರದು. ಈ ಸಲ ಹಾಗಲ್ಲ, ಯಾರು ನೇಯುತ್ತಾರೋ ಅವರದೇ ಹೆಸರು, ಅವರು ಮಗ್ಗದ ಮೇಲೆ ಕೂತ ಫೋಟೋ ಹೆಸರಿನ ಜೋಡಿ ಇರಬೇಕು ಅಂತ ಮೇಲಿಂದ ಮಾತು ಬಂದಿತ್ತು. ಗಣಪತಿ ಕಳಿಸಿದ ಮೇಲೆ ಸಾಹೇಬರು ಬಂದು ಒಂದೊಂದೇ ಹೆಸರು ನೋಡಿ ಸಹಿ ಹಾಕುವವರು. ಅದರಲ್ಲಿ ಇಲ್ಲದವರು ಮುಂದಿನ ಪಟ್ಟಿ ಆಗುವವರೆಗೆ ಕಾಗದದ ಪ್ರಕಾರ ನೇಕಾರರೇ ಅಲ್ಲ.

ಸಂಘದ ಕಾರ್ಯದರ್ಶಿ ಗುರುಪಾದಪ್ಪನವರು, "ಬಾಗಲಕೋಟಿಯಿಂದ ಯಾರನ್ನರ ಕರಸೋಣೇನು?" ಅಂದಾಗ ನಾನು ನಿಂತಲ್ಲೇ ಹೇಳಿದೆ: "ನಾ ಸತ್ತೇನೇನ್ರಿ? ನೇಯೂದು ಗೊತ್ತಿದ್ದಾವ ನಾನ, ಫೋಟೋ ಗೊತ್ತಿದ್ದಾವ ನಾನ, ಕಂಪ್ಯೂಟರ್ ಗೊತ್ತಿದ್ದಾವನೂ ನಾನ."

ಮೊದಲನೇ ಫೋಟೋ ಚಿಗವ್ವನದು. ಹೆಸರು ಮಹಾಂತವ್ವ. ರಕ್ತಸಂಬಂಧ ಅಲ್ಲ, ನಮ್ಮವ್ವನ ಗೆಳತಿ, ಹಿಂದಿನ ಓಣಿ. ಸಣ್ಣವನಿದ್ದಾಗಿಂದ ಚಿಗವ್ವ ಅಂತಲೇ ಕರೆದವನು. ಗಂಡ ತೀರಿ ನಾಲ್ಕು ವರ್ಷ. ಅವನು ಇದ್ದಾಗಲೂ ಅರ್ಧಕ್ಕರ್ಧ ನೇಯುತ್ತಿದ್ದವಳು ಅವಳೇ. ಸಂಘದ ಪಟ್ಟಿಯಲ್ಲಿ ಮಾತ್ರ ಇನ್ನೂ ಸತ್ತ ಗಂಡನ ಹೆಸರು. ಅವಳ ಮೈದುನ ಶೇಖಪ್ಪ, ಅಣ್ಣನ ಜಾಗ ನನಗೆ ಬರಬೇಕು ಅಂತ ಸಂಘಕ್ಕೆ ಎರಡು ಸಲ ಅರ್ಜಿ ಕೊಟ್ಟಿದ್ದ. ಅವನಿಗೆ ಲಾಳಿ ಎಡಗೈಯಲ್ಲಿ ಹಿಡಿಯಬೇಕೋ ಬಲಗೈಯಲ್ಲೋ ಅನ್ನುವುದೂ ಗೊತ್ತಿರಲಿಲ್ಲ.

ನಾನು ಹೋದಾಗ ಚಿಗವ್ವ ಸೆರಗಿನ ಕೆಲಸದಲ್ಲಿದ್ದಳು. ಕೆಂಪು ಸೆರಗು, ಬಿಳಿ ಪಟ್ಟಿ ಅರ್ಧ ಬಂದಿತ್ತು.

"ಚಿಗವ್ವಾ, ಮುಖ ಎತ್ತು ಇತ್ತಾಗ."

"ಎಳಿ ತಪ್ಪತೈತಿ. ನೀನ ಬಗ್ಗಿ ತಗಿ. ಏನ್ ಮಂತ್ರಿ ಇದ್ದೀ, ಸೊಂಟ ಬಗ್ಗೂದಿಲ್ಲ?"

ಕುಣಿಯ ದಂಡಿಗೆ ಹೊಟ್ಟೆ ಹಚ್ಚಿ ಮಲಗಿ ಫೋಟೋ ತೆಗೆದೆ. ಅವಳು ಲಾಳಿ ಒಗೆಯುತ್ತಲೇ ಕೇಳಿದಳು, "ಈ ಸಲ ಖರೇನ ನನ್ನ ಹೆಸರ ಬರೀತಾರೇನೋ?"

"ಮೊದಲನೇ ಹೆಸರ ನಿಂದ."

"ಮೂವತ್ತು ವರ್ಷ ನೇಯ್ದೇನಿ ಈರಣ್ಣಾ. ರೇಷನ್ ಕಾರ್ಡಿನ್ಯಾಗ ಮನಿಗೆಲಸ ಅಂತ ಬರದಾರ. ಎಲ್ಲೆರ ಒಂದ ಕಡಿ ನೇಕಾರಾಕಿ ಅಂತ ಬರಿಯೋ ನನ್ನ."

"ಬರೀತೇನಿ. ಇದು ನನ್ನ ಜವಾಬ್ದಾರಿ" ಅಂದೆ. ಎಷ್ಟು ಸಲೀಸಾಗಿ ಅಂದೆ!

ಒಂದೊಂದು ಓಣಿಗೆ ಒಂದೊಂದು ಫೋಲ್ಡರ್ ಮಾಡಿ ಫೋಟೋ ತುಂಬಿದೆ. ನನ್ನ ಕಂಪ್ಯೂಟರಿನಲ್ಲಿ ಪಟ್ಟಿ ಮಾಡುವ ಡೇಟಾಬೇಸ್ ಒಂದಿತ್ತು. ಒಬ್ಬರಿಗೆ ಒಂದು ಪುಟ. ಹೆಸರು, ಓಣಿ, ಮಗ್ಗದ ನಮೂನಿ, ಬಲಕ್ಕೆ ಫೋಟೋ. ಫೋಟೋವನ್ನು ಆ ಪುಟದ ಹೊಟ್ಟೆಯೊಳಗೇ ತುರುಕುವ ಒಂದು ದಾರಿ ಹುಡುಕಿಕೊಂಡಿದ್ದೆ. ನನ್ನ ಪರದೆಯ ಮೇಲೆ ಎಷ್ಟು ಚಂದ ಕಾಣುತ್ತಿತ್ತು! ಬಾಣ ಒತ್ತಿದರೆ ಸಾಕು, ಒಬ್ಬರ ಹಿಂದೆ ಒಬ್ಬರು ನೇಕಾರರು ಮಗ್ಗದ ಮೇಲೆ ಕೂತು ಬರುತ್ತಿದ್ದರು. ಗುರುಪಾದಪ್ಪನವರು ನೋಡಿ, "ನೀ ಭಾರಿ ಇದ್ದೀಯಪಾ" ಅಂದರು. ಇನ್ನೊಂದು ಗೇಣು ಏರಿದೆ.

ಅರ್ಧ ಆದ ಮೇಲೆ ಒಂದು ಸಲ ಹುನಗುಂದಕ್ಕೆ ತೋರಿಸಿ ಬಾ ಅಂದರು. ಅಲ್ಲಿ ಇಂಥ ಪಟ್ಟಿಗಳನ್ನು ಕೂಡಿಸುವ ಕೆಲಸಕ್ಕೆ ಬನಶಂಕರಿ ಅಂತ ಒಬ್ಬಾಕಿ ಇದ್ದಳು. ಬದಾಮಿ ಕಡೆಯವಳು, ಇಪ್ಪತ್ತೈದರ ಆಸುಪಾಸು, ಕಂಪ್ಯೂಟರ್ ಓದಿದಾಕಿ. ಪೆನ್ ಡ್ರೈವ್ ಹಚ್ಚಿ, ಫೈಲನ್ನು ತನ್ನ ಮಷಿನ್ನಿಗೆ ಹಾಕಿಕೊಂಡು ತೆಗೆದಳು. ಹೆಸರು ಬಂತು. ಓಣಿ ಬಂತು. ಫೋಟೋ ಇರಬೇಕಾದಲ್ಲಿ ಮೂಲಿ ಮಡಚಿದ ಸಣ್ಣ ಕಾಗದ. ಮುಂದಿನ ಪುಟ, ಅದೇ ಕಾಗದ. ಅದರ ಮುಂದಿನದೂ.

"ಅಣ್ಣಾರ, ಇದರಾಗ ಮಂದಿನ ಇಲ್ಲಲ್ರಿ" ಅಂದಳು. ಹಿಂದೆ ಸರತಿಯಲ್ಲಿ ನಿಂತವರು ನಕ್ಕರು.

"ನಿಮ್ಮ ಮಷಿನ್ ಕೆಟ್ಟೈತಿ. ನಮ್ಮಲ್ಲೆ ಬರೋಬರಿ ಕಾಣಸ್ತಾವ."

"ಮಷಿನ್ ಸುದ್ದಿ ಬಿಡ್ರಿ. ನಿಮ್ಮಲ್ಲೆ ಫೋಟೋ ತಗಿಯು ಯಾವುದೋ ಹಳೇ ಪ್ರೋಗ್ರಾಮ್ ಇರಬೇಕು, ಅದು ಚಿತ್ರ ಬಿಡಿಸಿ ತೋರಸ್ತೈತಿ. ನಮ್ಮಲ್ಲೆ ಅದು ಇಲ್ಲ. ಫೋಟೋ ಹಿಂಗ ಒಳಗ ತುರುಕಬಾರದ್ರಿ. ಹೊರಗ ಒಂದ ಫೋಲ್ಡರಿನ್ಯಾಗ ಇಟ್ಟು, ಪುಟದಾಗ ಅದು ಎಲ್ಲೈತಿ ಅನ್ನೂದಷ್ಟ ಬರೀರಿ. ನೀವು ಇದನ್ನ ಎಲ್ಲಿ ಕಲ್ತೀರಿ?"

ಕಡೀ ಮಾತನ್ನು ಅವಳು ಕೇಳಿದ್ದು ಸುಮ್ಮನೆ. ನನಗೆ ಮಾತ್ರ ಅದು ಏಳನೇತ್ತೆಗೆ ಸಾಲಿ ಬಿಟ್ಟವನ ಕಪಾಳಕ್ಕೆ ಬಿದ್ದ ಹಾಗೆ ಆಯಿತು.

"ನಾ ಕಲ್ತದ್ದು ಕೆಲಸಾ ಮಾಡಿ. ನಿಮ್ಮಂಗ ಕುರ್ಚಿ ಮ್ಯಾಲ ಕೂತು ಅಲ್ಲ" ಅಂದೆ. ಪೆನ್ ಡ್ರೈವ್ ಕಿತ್ತುಕೊಂಡು ಹೊರಗೆ ಬಿದ್ದೆ. ಅವಳು ಏನೋ ಹೇಳುತ್ತಿದ್ದಳು, ತಿರುಗಿ ನೋಡಲಿಲ್ಲ.

ಅಲ್ಲಿಂದ ನನ್ನ ನಿದ್ದಿ, ಊಟ ಎರಡೂ ಕೆಟ್ಟವು. ಮಳಿ ಬಿಡುವೊಲ್ಲದು, ಕರೆಂಟು ನಿಲ್ಲುವೊಲ್ಲದು. ಎರಡು ಹೆಸರು ಹಾಕುವುದರಲ್ಲಿ ಕರೆಂಟು ಹೋಗುತ್ತಿತ್ತು. ಇತ್ತ ಆ ಫೈಲು ಬಸುರಿಯ ಹೊಟ್ಟೆಯ ಹಾಗೆ ದಿನಾ ಬೆಳೆಯುತ್ತಿತ್ತು. ಸಣ್ಣ ಫೋಟೋ ಹಾಕಿದರೂ ಒಳಗೆ ಹೋಗಿ ಹತ್ತು ಪಟ್ಟು ಆಗುತ್ತಿತ್ತು. ಒಂದು ಮಧ್ಯಾಹ್ನ ಇನ್ನು ಒಂದೂ ಹಿಡಿಯುವುದಿಲ್ಲ ಅಂತ ನಿಂತುಬಿಟ್ಟಿತು. ತೆಗೆಯಲಿಕ್ಕೆ ಹೋದರೆ ಪರದೆಯೇ ಗಪ್ಪಾಗುತ್ತಿತ್ತು. ಹೆಂಡತಿ ತಾಟು ತಂದಿಟ್ಟು, "ರೊಟ್ಟಿ ಆರಾಕತ್ತೈತಿ, ಅದರ ಮಾರಿ ಏನ ನೋಡ್ತೀರಿ" ಅಂದರೆ ಅವಳ ಮೇಲೆ ಹರಿಹಾಯುತ್ತಿದ್ದೆ.

ಹುನಗುಂದಕ್ಕೆ ಹೋಗಿ ಆ ಹುಡುಗಿಯನ್ನು ಕೇಳಿದ್ದರೆ ಅರ್ಧ ತಾಸಿನ ಕೆಲಸ. ನಾನು ಹೋದದ್ದು ಬಾಗಲಕೋಟಿಗೆ. ಕಂಪ್ಯೂಟರ್ ಡಬ್ಬಿಯನ್ನು ಹಾಸಿಗಿ ಚಾದರದಲ್ಲಿ ಸುತ್ತಿ, ಮೇಲೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ಹೊಚ್ಚಿ, ತೊಡಿಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಹುನಗುಂದ ಬಂದಾಗ ಕಿಟಕಿ ಕಡೆ ನೋಡಲಿಲ್ಲ. ಶಿರೂರು ದಾಟಿದ ಮೇಲೆ ಮಳಿ ಅಡ್ಡ ಹೊಡೆಯಲಿಕ್ಕೆ ಹತ್ತಿತು. ಬಸ್ಸಿನ ಮಾಳಿಗಿ ಸೋರಿ ಡಬ್ಬಿಯ ಮೇಲೇ ಹನಿ. ಬಾಜೂಕಿನ ಮುದುಕ ತನ್ನ ಟವೆಲ್ ತೆಗೆದು ಅದರ ಮೇಲೆ ಹಾಕಿದ. "ಏನೈತಪಾ ಒಳಗ, ದೇವರ?" ಅಂದ.

"ಊರ ಮಂದಿ ಅದಾರ" ಅಂದೆ. ನನಗೇ ನಗು ಬಂತು, ಆ ವಾರದಲ್ಲಿ ಅದೊಂದೇ ಸಲ.

ಅಲ್ಲಿಯ ಅಂಗಡಿಯವನು ಎಲ್ಲ ಒರೆಸಿ ಹೊಸದಾಗಿ ಪ್ರೋಗ್ರಾಮ್ ತುಂಬಿ ಕೊಟ್ಟ. ನನ್ನ ಫೈಲುಗಳನ್ನು ಮಾತ್ರ ಉಳಿಸಿಕೊಟ್ಟ. ಮನಿಗೆ ಬಂದು ಚಾಲೂ ಮಾಡಿದೆ. ಪಟ್ಟಿ ತೆಗೆದೆ. ಚಿಗವ್ವನ ಪುಟದಲ್ಲಿ ಚಿಗವ್ವ ಇರಲಿಲ್ಲ. ಮೂಲಿ ಮಡಚಿದ ಕಾಗದ ಇತ್ತು. ಹಳೇ ಫೋಟೋ ಪ್ರೋಗ್ರಾಮ್ ಒರೆಸಿ ಹೋಗಿತ್ತಲ್ಲ, ಈಗ ನನ್ನ ಮಷಿನ್ನೂ ಹುನಗುಂದದ ಮಷಿನ್ನಿನಂತೆಯೇ ಆಗಿತ್ತು. ಆ ಹುಡುಗಿ ಹೇಳಿದ್ದು ಅಕ್ಷರಕ್ಕೆ ಅಕ್ಷರ ಖರೆ ಇತ್ತು.

ಅವಳು ಹೇಳಿದ ಹಾಗೇ ಮಾಡಿದೆ, ಆದರೆ ಅವಳು ಹೇಳಿದ್ದು ಅಂತ ಯಾರಿಗೂ ಹೇಳಲಿಲ್ಲ. ಹೊಸ ಪಟ್ಟಿ ಕಟ್ಟಿದೆ. ಓಣಿಗೊಂದು ಇದ್ದ ಫೋಲ್ಡರುಗಳ ಫೋಟೋಗಳನ್ನೆಲ್ಲ ಎತ್ತಿ ಒಂದೇ ಫೋಲ್ಡರಿಗೆ ಸುರಿದೆ, ಹಳೇವು ಖಾಲಿ ಆದವು. ಸುರಿಯುವಾಗ ಮಷಿನ್ ಏನೋ ಕೇಳಿತು. ಇದೇ ಹೆಸರಿನದು ಇಲ್ಲಿ ಮೊದಲೇ ಐತಿ, ಹಳೇದನ್ನು ಅಳಿಸಿ ಅದರ ಜಾಗಕ್ಕೆ ಹೊಸದು ಇಡಲೇನು ಅಂತ. ಎಲ್ಲಿಯೋ ಒಂದೇ ಫೋಟೋ ಎರಡು ಸಲ ಇಟ್ಟಿರಬೇಕು ಅಂದುಕೊಂಡು, ಎಲ್ಲದಕ್ಕೂ ಹೌದು ಅಂತ ಒತ್ತಿದೆ. ಪುಟಗಳಲ್ಲಿ ಮುಖಗಳು ಮತ್ತೆ ಬಂದವು. ನಡುವಿನಿಂದ ಐವತ್ತು ಪುಟ ನೋಡಿದೆ, ಎಲ್ಲ ಬರೋಬರಿ. ಸಿಟ್ಟು ತಡೆಯದೆ ಆ ಹಳೇ ಹೊಟ್ಟೆಬಾಕ ಫೈಲನ್ನು ಗುರುತೂ ಉಳಿಯದ ಹಾಗೆ ಅಳಿಸಿದೆ. ಪೆನ್ ಡ್ರೈವನ್ನೂ ಖಾಲಿ ಮಾಡಿದೆ. ಕ್ಯಾಮೆರಾದ ಕಾರ್ಡು ಒರೆಸಿ ಅಷ್ಟರಾಗಲೇ ಎರಡು ಲಗ್ನ ತೆಗೆದಿದ್ದೆ.

ಮರುದಿನ ಅದರ ಮುಂದಿನ ಪುಟ ನೋಡುತ್ತಾ ಹೋದೆ. ಕೆರಿ ಓಣಿಯ ಮಹಾಂತವ್ವ ಬಂದಳು, ದೊಡ್ಡ ಮೂಗುತಿಯಾಕಿ. ಸ್ವಲ್ಪ ಮುಂದೆ ಹೋದರೆ ಪ್ಯಾಟಿ ಓಣಿಯ ಮಹಾಂತವ್ವನ ಪುಟದಲ್ಲೂ ಅದೇ ಮೂಗುತಿ. ಹಿಂದಕ್ಕೆ ಬಂದು ಚಿಗವ್ವನ ಪುಟ ತೆಗೆದೆ. ಅಲ್ಲಿಯೂ ಮೂಗುತಿಯಾಕಿ ಕೂತು ನನ್ನನ್ನೇ ನೋಡುತ್ತಿದ್ದಳು.

ಆರು ಮಹಾಂತವ್ವಗಳು, ಒಂದೇ ಮುಖ.

ಇಳಕಲ್ಲಿನಲ್ಲಿ ಹುಟ್ಟಿದವನು ಮಾಡಬಾರದ ತಪ್ಪು ಇದು, ಇಳಕಲ್ಲಿನವನೇ ಮಾಡಬಹುದಾದ ತಪ್ಪೂ ಹೌದು. ನಮ್ಮೂರಲ್ಲಿ ಒಂದು ಹೆಸರಿಗೆ ಒಬ್ಬರೇ ಅಂತ ಯಾವತ್ತೂ ಇದ್ದದ್ದಿಲ್ಲ. ಊರ ಮಠದ ಅಜ್ಜನ ಹೆಸರೇ ಮನಿಮನಿಗೂ: ಗಂಡು ಹುಟ್ಟಿದರೆ ಮಹಾಂತೇಶ, ಹೆಣ್ಣು ಹುಟ್ಟಿದರೆ ಮಹಾಂತವ್ವ. ಗಂಡಸರ ಫೋಟೋಗಳಿಗೆ ಅಡ್ಡಹೆಸರು ಕೂಡಿಸಿ ಹೆಸರಿಟ್ಟಿದ್ದೆ, ಅವು ಉಳಿದಿದ್ದವು. ಹೆಂಗಸರಿಗೆ ಬರೇ ಹೆಸರು. ನಮ್ಮ ಕಡೆ ಹೆಂಗಸಿನ ಹೆಸರಿಗೆ ಹಿಂದೆ ಮುಂದೆ ಏನೂ ಹಚ್ಚುವ ರೂಢಿ ಇಲ್ಲ, ಕೈ ತಾನೇ ಹಾಗೆ ಬರೆದಿತ್ತು.

ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಮಳಿಯಲ್ಲೇ ಹೊರಟೆ. ನಾಲ್ಕು ಮಹಾಂತವ್ವಗಳನ್ನು ಎರಡು ದಿನದಲ್ಲಿ ಮತ್ತೆ ತೆಗೆದೆ. "ಮೊದಲನೇದು ಚಂದ ಬರಲಿಲ್ಲೇನು?" ಅಂತ ಒಬ್ಬಾಕಿ ಹೊಸ ಸೀರಿ ಉಟ್ಟು ಬಂದಳು. ಕಡೆಗೆ ಉಳಿದದ್ದು ಚಿಗವ್ವ.

ಅವಳ ಮನಿಯ ಹೊಸ್ತಿಲಲ್ಲಿ ನಿಂತವನಿಗೆ ಮೊದಲು ತಿಳಿದದ್ದು ಸಪ್ಪಳ. ಸಪ್ಪಳವೇ ಇರಲಿಲ್ಲ. ಮಗ್ಗ ಇದ್ದ ಕಡೆ ನೆಲ ಸಪಾಟಾಗಿತ್ತು, ಹಸಿ ಗರಸು ಮಣ್ಣು ಬಡಿದು ಕೂಡಿಸಿದ್ದರು. ಮಗ್ಗದ ಕಟ್ಟಿಗಿಗಳು ಹಗ್ಗದಲ್ಲಿ ಬಿಗಿದು ಅಟ್ಟದ ಮೇಲೆ. ಶೇಖಪ್ಪ ಅಲ್ಲೇ ಕುರ್ಚಿ ಹಾಕಿಕೊಂಡು ಕೂತು ಎಲಿ ಅಡಕಿ ಹಾಕುತ್ತಿದ್ದ.

"ಕುಣ್ಯಾಗ ನೀರ ಬಂದಿತ್ತು. ಗ್ವಾಡಿ ಬಿದ್ದಗಿದ್ದೀತು ಅಂತ ಮುಚ್ಚಿಸೀನಿ" ಅಂದ. "ನೀ ಯಾಕ ಬಂದಿ?"

"ಫೋಟೋ ತಗೀಬೇಕಿತ್ತು."

"ಮಗ್ಗನ ಇಲ್ಲ, ಏನ ತಗೀತಿ? ನೆಲಾ ತಗಿ" ಅಂತ ನಕ್ಕ. "ಮೊದಲ ತಗದದ್ದು ಏನಾತಲೇ?"

ಚಿಗವ್ವ ಒಳಗಿನ ಬಾಗಿಲಿಗೆ ಬಂದು ನಿಂತಿದ್ದಳು. ಕೈಗಳನ್ನು ಏನು ಮಾಡಬೇಕು ತಿಳಿಯದವಳ ಹಾಗೆ ಸೆರಗಿನ ತುದಿ ಸುತ್ತುತ್ತಾ ಬಿಚ್ಚುತ್ತಾ. "ಈರಣ್ಣಾ, ನಂದು ಐತಿಲ್ಲೋ?"

"ಐತಿ" ಅಂದೆ. "ಅದು ಐತಿ. ಇನ್ನೊಂದು ಇರಲಿ ಅಂತ ಬಂದಿದ್ದೆ."

ಗಣಪತಿ ಕಳಿಸಲಿಕ್ಕೆ ಐದು ದಿನ ಉಳಿದಿತ್ತು. ಶೇಖಪ್ಪ ಲೆಕ್ಕ ಹಾಕಿಯೇ ಕುಣಿ ಮುಚ್ಚಿಸಿದ್ದ. ಸಾಹೇಬರು ಬಂದಾಗ ಮನಿಯಲ್ಲಿ ಮಗ್ಗ ಇಲ್ಲ, ಪಟ್ಟಿಯಲ್ಲಿ ಫೋಟೋ ಇಲ್ಲ. ಅವಳು ನೇಯ್ದಳು ಅನ್ನುವುದಕ್ಕೆ ಜಗತ್ತಿನಲ್ಲಿ ಒಂದೇ ಒಂದು ಗುರುತು ಇತ್ತು, ಅದನ್ನು ನಾನು ನನ್ನ ಈ ಕೈಯಿಂದ ಅಳಿಸಿದ್ದೆ. ಎಲ್ಲದಕ್ಕೂ ಹೌದು ಅಂತ ಒತ್ತಿದ ಬೆರಳನ್ನು ಕಡಿದು ಒಗೆಯಬೇಕು ಅನ್ನಿಸಿತು. ಸ್ಟುಡಿಯೋಕ್ಕೆ ಬಂದು ಖಾನೆ, ಡಬ್ಬಿ, ಹಳೇ ಕಾರ್ಡು ಎಲ್ಲ ಸುರಿದು ಹುಡುಕಿದೆ. ಎರಡು ದಿನ ಹಾಗೇ ಹೋದವು. ಒಬ್ಬ ಗಿರಾಕಿ ಪಾಸ್‌ಪೋರ್ಟ್ ಅಳತಿಯ ಫೋಟೋ ಕೇಳಿ ಬಂದವನು ನನ್ನ ಮುಖ ನೋಡಿ ಹಾಗೇ ಹೊಳ್ಳಿ ಹೋದ.

ಮೂರನೇ ದಿನ ಮುಂಜಾನೆ ಗಡ್ಡ ಮಾಡಿಕೊಳ್ಳುತ್ತಿದ್ದಾಗ ನೆನಪಾಯಿತು: ಹುನಗುಂದದಲ್ಲಿ ಆ ಹುಡುಗಿ ಫೈಲನ್ನು ತನ್ನ ಮಷಿನ್ನಿಗೆ ಹಾಕಿಕೊಂಡೇ ತೆಗೆದಿದ್ದಳು. ನಾನು ಕಿತ್ತುಕೊಂಡು ಬಂದದ್ದು ಪೆನ್ ಡ್ರೈವ್ ಮಾತ್ರ.

ಆದರೆ ಅದರಲ್ಲಿ ಏನಿತ್ತು? ಮೂಲಿ ಮಡಚಿದ ಕಾಗದ. ಇದ್ದರೂ ಏನು ಉಪಯೋಗ? ಮತ್ತೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಅರ್ಧ ಗಡ್ಡ ಹಾಗೇ ಬಿಟ್ಟು ಅಂಗಳದಲ್ಲಿ ನಾಲ್ಕು ಸಲ ಅತ್ತಿಂದಿತ್ತ ತಿರುಗಿದೆ. ಹೆಂಡತಿ, "ಹೋಗೂದಿದ್ರ ಹೋಗ್ರಿ, ಇಲ್ಲಾಂದ್ರ ಗಡ್ಡಾರ ಮುಗಸ್ರಿ" ಅಂದಳು.

ಬನಶಂಕರಿ ನನ್ನನ್ನು ನೋಡಿದಾಕಿ ಎದ್ದು ನಿಂತಳು. ಜಗಳಕ್ಕೇ ಬಂದನೇನೋ ಅಂದುಕೊಂಡಿರಬೇಕು. ಹತ್ತು ಮಂದಿ ಸರತಿಯಲ್ಲಿದ್ದರು. ನಾನು ಎಲ್ಲರ ಹಿಂದೆ ನಿಂತೆ. ನನ್ನ ಪಾಳಿ ಬರುವಷ್ಟರಲ್ಲಿ ಹೇಳಬೇಕಾದ ಮಾತು ಹತ್ತು ಸಲ ಕಟ್ಟಿ ಹತ್ತು ಸಲ ಬಿಚ್ಚಿದ್ದೆ. ಬಾಯಿಗೆ ಬಂದದ್ದು ಬೇರೆಯೇ.

"ತಪ್ಪು ನಂದ್ರೀ ಮೇಡಮ್. ಅವತ್ತ ಹಂಗ ಅನ್ನಬಾರದಿತ್ತು. ನೀವು ಹೇಳಿದ್ದು ಖರೆ ಇತ್ತು. ನನ್ನ ಫೈಲು ಇನ್ನೂ ನಿಮ್ಮಲ್ಲೆ ಐತೇನ್ರಿ?"

"ಕುಂಡ್ರಿ ಅಣ್ಣಾರ. ಮೊದಲ ನೀರ ಕುಡೀರಿ." ತನ್ನ ಬಾಟಲಿ ಮುಂದೆ ಸರಿಸಿದಳು. "ಐತಿ. ನೀವು ಸಿಟ್ಟಿಲೆ ಹೋದ್ರಿ, ಒಂದಿನ ಬಂದ ಬರ್ತೀರಿ ಅಂತ ಅಳಸಲಿಲ್ಲ."

ಮಹಾಂತವ್ವಗಳ ಕಥೆ ಎಲ್ಲ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. ಮೊದಲನೇ ಪುಟ ತೆಗೆದಳು. ಮಹಾಂತವ್ವ. ಖಾಲಿ ಚೌಕ. ಸಣ್ಣ ಕಾಗದ.

"ನೋಡ್ರಿ, ಏನೂ ಇಲ್ಲ" ಅಂದೆ.

"ಅವತ್ತ ನೀವು ನಿಂತಿದ್ರ ಹೇಳಾಕಿದ್ದೆ. ಇದು ಕಾಣೂದಿಲ್ಲ ಅಂದ್ರ ಒಳಗ ಇಲ್ಲ ಅಂತ ಅಲ್ರಿ. ನೀವು ಪೂರಾ ಫೋಟೋನ ಒಳಗ ತುರುಕೀರಿ. ನಮ್ಮ ಮಷಿನ್ನಿಗೆ ಬಿಡಿಸಿ ತೋರಸಾಕ ಬರವಲ್ದು, ಅದಕ್ಕ ಗಂಟು ಕಟ್ಟಿ ಮ್ಯಾಲ ಒಂದು ಚೀಟಿ ಅಂಟಿಸೈತಿ, ಅಷ್ಟ." ಆ ಸಣ್ಣ ಕಾಗದದ ಮೇಲೆ ಎರಡು ಸಲ ಒತ್ತಿದಳು. ಮಷಿನ್ ಏನೋ ಎಚ್ಚರಿಕೆ ಕೊಟ್ಟಿತು, ಅದಕ್ಕೂ ಹೂಂ ಅಂದಳು. ಪರದೆಯ ತುಂಬ ಚಿಗವ್ವ ಬಂದಳು.

ಬಗ್ಗಿದ ತಲೆ, ಕೆಂಪು ಸೆರಗು, ಎರಡು ಕೈಗಳ ನಡುವೆ ಲಾಳಿ. ಕುಣಿಯೊಳಗಿನ ಕಾಲು ಕೂಡ ಮಸುಕಾಗಿ ಕಾಣುತ್ತಿತ್ತು.

ನಾನು ಕುರ್ಚಿಯಿಂದ ಎದ್ದು, ಮತ್ತೆ ಕೂತು, ಮತ್ತೆ ಎದ್ದೆ. ಅವಳು ಫೋಟೋ ಹೊರಗೆ ತೆಗೆದು ಉಳಿಸುತ್ತಾ, "ಫೋಟೋಕ್ಕ ಮಂದಿ ಹೆಸರ ಇಡಬ್ಯಾಡ್ರಿ. ಪಟ್ಟಿಯೊಳಗ ಅವರ ನಂಬರ್ ಏನೈತಿ, ಅದನ್ನ ಇಡ್ರಿ" ಅಂದಳು. ಆಮೇಲೆ ನಕ್ಕಳು. "ಬದಾಮ್ಯಾಗ ನಮ್ಮ ಕ್ಲಾಸಿನ್ಯಾಗ ಐದು ಮಂದಿ ಬನಶಂಕರಿ ಇದ್ವಿ ಅಣ್ಣಾರ. ನಾ ಬನಶಂಕರಿ ನಾಲ್ಕು. ಮಾಸ್ತರು ಮೂರನೇದಾಕಿಗೆ ಹೊಡಿಯೂದು ನನಗ ಹೊಡೀತಿದ್ರು. ತುಳಸಿಗೇರಿ ಹಣಮಂತದೇವರ ಕಡೆ ಹೋಗ್ರಿ, ಕರದ್ರ ಓಣಿ ತುಂಬ ಹಣಮಂತಗೋಳು ಓ ಅಂತಾರ. ಈ ತಪ್ಪು ನೀವೊಬ್ರ ಮಾಡೂದಿಲ್ಲ."

ಉಳಿದ ಪುಟಗಳಿಗೆಲ್ಲ ನಂಬರ್ ಹಚ್ಚುವುದನ್ನು ಪಕ್ಕದಲ್ಲಿ ಕೂಡಿಸಿಕೊಂಡು ತೋರಿಸಿಕೊಟ್ಟಳು. ಫೋಲ್ಡರು ಪಟ್ಟಿಯ ಜೋಡಿಯೇ ಇರಬೇಕು, ಎಲ್ಲಿಗೆ ಒಯ್ದರೂ ಎರಡೂ ಕೂಡಿಯೇ ಒಯ್ಯಬೇಕು ಅಂದಳು. ನಾನು ಒಂದು ಚೀಟಿಯ ಮೇಲೆ ಬರೆದುಕೊಂಡೆ. ಸಾಲಿ ಬಿಟ್ಟ ಮೇಲೆ ಯಾರೋ ಹೇಳಿದ್ದನ್ನು ನಾನು ಬರೆದುಕೊಂಡದ್ದು ಅದೇ ಮೊದಲು.

ಗಣಪತಿ ಹೋದ. ಸಾಹೇಬರು ಬಂದರು. ಸಂಘದ ಪಡಸಾಲಿಯಲ್ಲಿ ಮಂದಿ ಕಿಕ್ಕಿರಿದಿದ್ದರು, ಒದ್ದಿ ಛತ್ರಿಗಳ ನೀರು ಜಮಖಾನಿಯ ಮೇಲೆಲ್ಲ. ಕಂಪ್ಯೂಟರಿನ ಮುಂದೆ ನಾನು ಕೂತಿದ್ದೆ. ಮೊದಲನೇ ಪುಟವೇ ಚಿಗವ್ವನದು.

"ಮಹಾಂತವ್ವ. ಕುಣಿಮಗ್ಗ" ಅಂತ ಸಾಹೇಬರು ಓದಿದರು.

ಶೇಖಪ್ಪ ಎದ್ದ. "ಸಾಹೇಬ್ರ, ಅದು ನಮ್ಮಣ್ಣನ ಮಗ್ಗ. ಈಗ ಮನ್ಯಾಗ ಮಗ್ಗನ ಇಲ್ಲ. ಬೇಕಿದ್ರ ಬಂದು ನೋಡ್ರಿ."

ಸಾಹೇಬರು ಕನ್ನಡಕ ಮೇಲೆ ಸರಿಸಿ ಪರದೆಗೆ ಮುಖ ಹಚ್ಚಿ ನೋಡಿದರು. "ಇಲ್ಲಿ ಐತಲ್ರಿ ಮಗ್ಗ. ಮುಚ್ಚಿದ್ರ ತಗದ್ರಾತು, ಕುಣಿ ಎಲ್ಲಿ ಓಡಿಹೋಗ್ತೈತಿ? ಮ್ಯಾಲ ಕೂತಾಕಿ ಯಾರು?"

"ನಮ್ಮತ್ತಿಗಿ. ಆದ್ರ..."

"ಕೂತಾರ ನೇಯಾಕತ್ತಾರ. ನಮಗ ಬೇಕಾದ್ದು ಅಷ್ಟ" ಅಂತ ಸಹಿ ಹೊಡೆದು ಬಾಣ ಒತ್ತೆಂದರು. ಮುಂದಿನ ಪುಟ ಬಂತು. ಒಂದು ಎಳಿ ಎಣಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ನನ್ನ ಒಂದು ಇಡೀ ಮಳಿಗಾಲ ಅದರಲ್ಲಿ ಹೋಗಿತ್ತು.

ಎಲ್ಲ ಮುಗಿದ ಮೇಲೆ ಚಿಗವ್ವ ಬಾಗಿಲ ಹತ್ತಿರ ಕಾಯುತ್ತಿದ್ದಳು. ಅವಳ ಮುಂದೆ ಮುಚ್ಚಿಡಲಿಕ್ಕೆ ಆಗಲಿಲ್ಲ. "ಚಿಗವ್ವಾ, ಅವತ್ತ ಐತಿ ಅಂತ ಸುಳ್ಳ ಹೇಳಿದ್ದೆ. ಕ್ಯಾಮೆರಾದ್ದು, ಕಂಪ್ಯೂಟರಿಂದು, ಎಲ್ಲಾ ಕಳಕೊಂಡಿದ್ದೆ."

"ಗೊತ್ತಿತ್ತು. ನಿಮ್ಮವ್ವ ಸುಳ್ಳ ಹೇಳುವಾಗ ಹಿಂಗ ಇನ್ನೊಬ್ಬರ ಕಾಲ ನೋಡತಿದ್ಲು. ಈಗ ಹೇಳು, ಹೆಸರ ಬಂತಿಲ್ಲೋ?"

"ಬಂತು."

"ನೇಕಾರಾಕಿ ಅಂತ?"

"ನೇಕಾರಾಕಿ ಅಂತ."

ಸೆರಗು ಸೊಂಟಕ್ಕೆ ಬಿಗಿದಳು. "ಹಂಗಾರ ಸಲಿಕಿ ತಗೊಂಡು ಬಾ. ನೀನೂ ನೇಕಾರನ ಮಗಾ ಅಲ್ಲೇನು?"

ಅವಳ ಮನಿಗೆ ಹೋಗಿ, ಅಂಗಿ ಬಿಚ್ಚಿಟ್ಟು ತೋಡಲಿಕ್ಕೆ ಇಳಿದೆ. ಶೇಖಪ್ಪ ಹೊರಗಿನ ಕಟ್ಟಿಯ ಮೇಲೆ ಕೂತು ನೋಡುತ್ತಿದ್ದ, ಬ್ಯಾಡ ಅನ್ನುವ ಧೈರ್ಯ ಆಗಲಿಲ್ಲ. ಮೇಲಿನ ಗರಸು ಗಟ್ಟಿ ಇತ್ತು, ಒಳಗಿನದು ಸಡಿಲು, ಮಳಿನೀರು ಕುಡಿದು ಭಾರ. ಚಿಗವ್ವ ಬುಟ್ಟಿ ತುಂಬಿ ತುಂಬಿ ಹೊರಗೆ ಸುರಿದಳು. ಕುಣಿ ನನ್ನ ಮೊಣಕಾಲು ದಾಟಿ ಆಳಕ್ಕೆ ಹೋಯಿತು. ಹಳೇ ಕುಣಿಯ ತಳ ಇನ್ನೂ ಒಂದು ಮೊಳ ಕೆಳಗಿತ್ತು. ಅದು ಸಿಗುವ ತನಕ ತೋಡಬೇಕು ಅಂತ ಸಲಿಕಿ ಎತ್ತಿದೆ.

"ಸಾಕು, ನಿಲ್ಲಸು" ಅಂದಳು.

"ಇನ್ನೂ ತಳ ಸಿಕ್ಕಿಲ್ಲ ಚಿಗವ್ವಾ."

"ಅದು ಮನಿಯವರ ಕಾಲಿನ ಅಳತಿ. ಮೂವತ್ತು ವರ್ಷ ತಳಕ್ಕ ಎರಡು ಕಲ್ಲು ಇಟ್ಕೊಂಡು ನೇಯ್ದೇನಿ" ಅಂದಳು. ದಂಡಿಯ ಮೇಲೆ ಕೂತು ಕಾಲು ಇಳಿಬಿಟ್ಟಳು. ಪಾದ ಸಪಾಟಾಗಿ ಹಸಿ ಮಣ್ಣಿಗೆ ಹತ್ತಿತು. ಒಂದು ಸಲ ಬಲಗಾಲು ತುಳಿದು ನೋಡಿದಳು, ಒಂದು ಸಲ ಎಡಗಾಲು.

"ನಂದು ಇಷ್ಟ" ಅಂದಳು.